ಸಿಟ್ಟಿಗೆ ಮನೆಮಾತಿನಲ್ಲೇ ಹೆಸರಿರಲಿ

ಭಾವನೆಗಳ ಪಾಠ ಅಂದಕೂಡಲೇ ಬೋರ್ಡಿನ ಮೇಲೆ ‘ಸ್ವ-ಅರಿವು, ಸಹಾನುಭೂತಿ’ ಅಂತ ಬರೆದು ಮಕ್ಕಳಿಂದ ನೋಟ್‌ಬುಕ್ಕಿಗೆ ಇಳಿಸುವುದುಂಟು. ಮೂರನೇ ತರಗತಿಯ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಲಬುರಗಿ ಕಡೆಯ ಮಗುವಿನ ಬಾಯಲ್ಲಿ ಬರುವುದು ‘ಬ್ಯಾಸರಾಗ್ಯದ’, ‘ಅಂಜಕಿ ಬರ್ತದ’. ಬೀದರಿನ ಒಂದೇ ಕೋಣೆಯಲ್ಲಿ ಸಿಟ್ಟಿಗೆ ಉರ್ದುವಿನ ‘ಗುಸ್ಸಾ’, ಮರಾಠಿಯ ‘ರಾಗ್’, ತೆಲುಗಿನ ‘ಕೋಪಂ’ ಎಲ್ಲವೂ ಇರಬಹುದು. ಆ ಮಾತುಗಳನ್ನೇ ಚಾರ್ಟಿನಲ್ಲಿ ಬರೆದು ಗೋಡೆಗೆ ಹಚ್ಚಿ.

ಆಮೇಲೆ ಹಾಜರಿ. ಹೆಸರು ಕರೆದಾಗ ‘ಹಾಜರ್’ ಅನ್ನುವ ಬದಲು ಚಾರ್ಟಿನ ಒಂದು ಪದ ಹೇಳಲಿ. ಮಗುವಿಗೆ 10 ಸೆಕೆಂಡು ಹಿಡಿದರೂ 40 ಮಕ್ಕಳಿಗೆ 7 ನಿಮಿಷ ಸಾಕು. ಹೇಳಲು ಮನಸ್ಸಿಲ್ಲದವರು ‘ಮುಂದ’ ಅನ್ನಲಿ, ಒತ್ತಾಯ ಬೇಡ. ಇದು ಕೆಡುವುದು ಒಂದೇ ಕಡೆ: ಮಗು ‘ಬ್ಯಾಸರ’ ಅಂದ ತಕ್ಷಣ ಎಲ್ಲರೆದುರು ‘ಯಾಕ? ಏನಾಯ್ತು?’ ಅಂತ ಕೆದಕುವಲ್ಲಿ. ಮರುದಿನದಿಂದ ಇಡೀ ಕ್ಲಾಸು ‘ಖುಷಿ’ ಅನ್ನತೊಡಗುತ್ತದೆ. ಅಪ್ಪ-ಅವ್ವ ಪುಣೆಗೋ ಮುಂಬೈಗೋ ದುಡಿಯಲು ಹೋಗಿ ಅಜ್ಜಿ ಹತ್ತಿರ ಉಳಿದ ಮಗುವಿಗೆ ಆ ಪ್ರಶ್ನೆ ಇನ್ನೂ ಭಾರ. ಕೇಳಲೇಬೇಕಿದ್ದರೆ ಬಿಸಿಯೂಟದ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು, ಮೆಲ್ಲಗೆ.

ಸಿಟ್ಟು ಇಳಿಸುವ ಉಸಿರಾಟವನ್ನು ಮಕ್ಕಳು ಶಾಂತವಾಗಿದ್ದಾಗಲೇ ಕಲಿಸಬೇಕು. 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, ಐದು ಸಲ, ದಿನಾ. ಜಗಳದ ನಡುವೆ ಮೊದಲ ಸಲ ಹೇಳಿಕೊಟ್ಟರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಜಗಳವಂತೂ ನಲ್ಲಿ ಹತ್ತಿರ ಆಗೇ ಆಗುತ್ತದೆ. ತಾಟು ತೊಳೆಯುವ ಸಾಲಿನಲ್ಲಿ ಒಬ್ಬ ನುಗ್ಗಿದ, ಇನ್ನೊಬ್ಬ ದೂಡಿದ, ತಾಟು ಬಿತ್ತು. ಕೂಡಲೇ ‘ಸಾರಿ ಹೇಳು’ ಅನ್ನಬೇಡಿ. ಬಾಯಿ ಹೇಳುತ್ತದೆ, ಮುಷ್ಟಿ ಬಿಗಿದೇ ಇರುತ್ತದೆ. ಇಬ್ಬರನ್ನೂ ದೂರ ಕೂರಿಸಿ ಉಸಿರು ಇಳಿಯುವವರೆಗೆ ಕಾಯಿರಿ. ‘ಯಾಕ ಮಾಡ್ದಿ?’ ಅಂದರೆ ಮಗು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ, ‘ಏನಾಯ್ತು?’ ಅಂದರೆ ನಡೆದದ್ದು ಹೇಳುತ್ತದೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಕಷ್ಟದ ಹೆಜ್ಜೆ ಇದೇ, ಇದನ್ನು ಬಿಟ್ಟರೆ ಉಳಿದದ್ದು ಬರೀ ಪಂಚಾಯ್ತಿ. ಕೊನೆಗೆ ‘ಈಗ ಏನ್ ಮಾಡಿದ್ರ ಸರಿ ಆಗ್ತದ?’ ಅಂತ ಇಬ್ಬರನ್ನೂ ಕೇಳಿ. ಬಿದ್ದ ತಾಟನ್ನು ತೊಳೆದುಕೊಡುವುದು ಅವರಿಗೇ ಹೊಳೆಯುತ್ತದೆ.

ಮಾತಾಡಲು ಜಾಗ ಸಿಕ್ಕ ಮೇಲೆ ಯಾವುದೋ ಮಗು ದೊಡ್ಡ ಸಂಕಟವನ್ನೇ ಹೇಳಬಹುದು. ‘ಯಾರಿಗೂ ಹೇಳಂಗಿಲ್ಲ’ ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಆ ಸಂಖ್ಯೆಯನ್ನೂ ಅದೇ ಚಾರ್ಟಿನ ಕೆಳಗೆ ದೊಡ್ಡದಾಗಿ ಬರೆದಿಡಿ.