ತಡ ಆಗಿದ್ದು ಎಲ್ಲಿ?

20 ನವೆಂಬರ್ 2025, ಗುರುವಾರ

ಇವತ್ತು ಮಧ್ಯಾಹ್ನ ಪೂರ್ತಿ ಕರಡು ಯೋಜನೆಯ ಮೇಲೆ ಚರ್ಚೆ. ಬಸುರಿ, ಬಾಣಂತಿಯರ ಆರೈಕೆಯಲ್ಲಿ ಇರುವ ತಾರತಮ್ಯ ಕಡಿಮೆ ಮಾಡಬೇಕು ಅನ್ನೋದು ಇದರ ಉದ್ದೇಶ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಗೇ ಬರೆದಿದೆ. ಪುಟ ತಿರುಗಿಸಿದರೆ ಮಾತ್ರ ಎಲ್ಲ ಗುರಿಗಳೂ ಸರಾಸರಿ ಲೆಕ್ಕದಲ್ಲಿವೆ. ಒಟ್ಟು ಸಾವು ಇಷ್ಟು ಇಳಿಯಬೇಕು, ಆಸ್ಪತ್ರೆಯಲ್ಲಿ ಆಗುವ ಹೆರಿಗೆ ಇಷ್ಟಕ್ಕೆ ಏರಬೇಕು, ಇಷ್ಟು ಜನರಿಗೆ ತರಬೇತಿ ಕೊಡಬೇಕು. ಯಾರ ಸಾವು ಇಳಿಯಬೇಕು, ಯಾವ ಹೆಂಗಸರು ಇವತ್ತಿಗೂ ಆಸ್ಪತ್ರೆಯ ಬಾಗಿಲಿಗೇ ಬರುತ್ತಿಲ್ಲ ಅನ್ನೋ ಮಾತು ಎಲ್ಲೂ ಇಲ್ಲ. ನಾನು ಇದನ್ನು ಎತ್ತಿದಾಗ ಹಿರಿಯರೊಬ್ಬರು, 'ಸರಾಸರಿ ಇಳಿದರೆ ಎಲ್ಲರದ್ದೂ ಇಳಿದ ಹಾಗೇ ಅಲ್ವಾ ಮೇಡಂ' ಅಂದರು.

ಇಲ್ಲ, ಹಾಗಲ್ಲ. ಸಭೆಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕಾಯಿತು. ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಇಡೀ ಜಗತ್ತಿನ ಲೆಕ್ಕವನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಈ ವರ್ಷ ಏಪ್ರಿಲ್‌ನಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2023ರಲ್ಲಿ ಸುಮಾರು 2,60,000 ಹೆಂಗಸರು ಬಸುರಿ ಇದ್ದಾಗಲೋ ಹೆರಿಗೆಯ ಆಸುಪಾಸಿನಲ್ಲೋ ತೀರಿಕೊಂಡರು. ಲಕ್ಷ ಜೀವಂತ ಜನನಕ್ಕೆ 197 ಸಾವು. 2000ಕ್ಕೆ ಹೋಲಿಸಿದರೆ ಇದು ಸುಮಾರು 40 ಶೇಕಡಾ ಕಡಿಮೆ. ಖುಷಿಯ ಸುದ್ದಿಯೇ. ಆದರೆ ಆ 197 ಅನ್ನು ಬಿಚ್ಚಿ ನೋಡಿದರೆ ಬಡ ದೇಶಗಳಲ್ಲಿ 346, ಶ್ರೀಮಂತ ದೇಶಗಳಲ್ಲಿ 10. ಬಡ ದೇಶದ ಹುಡುಗಿಯೊಬ್ಬಳಿಗೆ ಇಡೀ ಬದುಕಿನಲ್ಲಿ ಬಸಿರು-ಬಾಣಂತನದ ಕಾರಣಕ್ಕೆ ಸಾಯುವ ಸಾಧ್ಯತೆ 66ರಲ್ಲಿ 1, ಶ್ರೀಮಂತ ದೇಶದವಳಿಗೆ 7,933ರಲ್ಲಿ 1. ಇಬ್ಬರ ದೇಹವೂ ಒಂದೇ, ಬರುವ ತೊಂದರೆಗಳೂ ಅವೇ. ಅತಿ ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ನಂಜು, ಅಸುರಕ್ಷಿತ ಗರ್ಭಪಾತ, ಮಗು ಹೊರಬರಲಾಗದೆ ಸಿಕ್ಕಿಕೊಳ್ಳುವುದು. ಇವಕ್ಕೆಲ್ಲ ಏನು ಮಾಡಬೇಕು ಅನ್ನೋದು ಗೊತ್ತಿದೆ. ಗೊತ್ತಿರುವುದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನೋದಷ್ಟೇ ವ್ಯತ್ಯಾಸ.

ದೇಶ ದೇಶಗಳ ನಡುವೆ ಇರುವ ಈ ಅಂತರ ಒಂದೇ ದೇಶದೊಳಗೆ, ಒಂದೇ ಊರಿನೊಳಗೆ, ಕೆಲವೊಮ್ಮೆ ಒಂದೇ ವಾರ್ಡಿನೊಳಗೆ ಕೂಡ ಇರುತ್ತದೆ. ಅದನ್ನು ಮುಚ್ಚಿಡುವುದಕ್ಕೆ ಸರಾಸರಿಗಿಂತ ಸುಲಭದ ದಾರಿ ಇಲ್ಲ. ಬ್ರೆಜಿಲ್‌ನ ಆರೋಗ್ಯ ಸಂಶೋಧಕ ಸೀಸರ್ ವಿಕ್ಟೋರಾ ಮತ್ತು ಅವರ ಜೊತೆಗಾರರು 2000ದಲ್ಲಿ ಒಂದು ಮಾತು ಹೇಳಿದ್ದರು. ಹೊಸ ಆರೋಗ್ಯ ಕಾರ್ಯಕ್ರಮ ಯಾವುದೇ ಬರಲಿ, ಅದನ್ನು ಮೊದಲು ಬಳಸಿಕೊಳ್ಳುವವರು ಉಳ್ಳವರು, ಹಾಗಾಗಿ ಶುರುವಿನಲ್ಲಿ ಅಂತರ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಬಡವರಿಗೆ ಅದು ತಲುಪಿ ಅಂತರ ಮುಚ್ಚುವುದಕ್ಕೆ ಬಹಳ ಕಾಲ ಹಿಡಿಯುತ್ತದೆ. ಅಂದರೆ ನಮ್ಮ ಕರಡು ಹೇಗಿದೆಯೋ ಹಾಗೇ ಜಾರಿಯಾಗಿ ಗೆದ್ದರೂ, ಅಂತರ ಇನ್ನಷ್ಟು ದೊಡ್ಡದಾಗಬಹುದು. ನನ್ನನ್ನು ಕಾಡುತ್ತಿರುವುದು ಇದು.

ಸಭೆಗೆ ಮುಂಚೆ ಒಂದು ಫೈಲ್ ಓದಿದ್ದೆ. ಸತ್ತವರದ್ದಲ್ಲ, ಸಾವಿನ ಅಂಚಿಗೆ ಹೋಗಿ ಬದುಕಿ ಬಂದವಳದ್ದು. ಇಂಥ ಕೇಸುಗಳಿಗೆ ನಿಯರ್ ಮಿಸ್ ಅಂತಾರೆ. ಇವುಗಳನ್ನು ಓದಲೇಬೇಕು, ಯಾಕೆಂದರೆ ಏನಾಯಿತು ಅಂತ ಅವಳನ್ನೇ ಕೇಳಬಹುದು. ಫಾರಂನ ಕೊನೆಯಲ್ಲಿ 'ಕಾರಣ' ಅನ್ನೋ ಕಾಲಂ, ಅದರಲ್ಲಿ ಎರಡೇ ಪದ: 'ತಡವಾಗಿ ಬಂದರು'. ಅದರ ಹಿಂದೆ ಅವಳ ಜೊತೆ ಮಾತಾಡಿ ಬರೆದುಕೊಂಡ ನಾಲ್ಕು ಹಾಳೆ ಇತ್ತು. ಬೆಳಗ್ಗೆ ಎದ್ದಾಗಲೇ ತಲೆ ಸಿಡಿಯುತ್ತಿತ್ತಂತೆ, ಕಣ್ಣೆದುರು ಮಿಣುಕು ಬರುತ್ತಿತ್ತಂತೆ. ದೊಡ್ಡ ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ, ಗಂಡ ಕೆಲಸದಿಂದ ಬರುವವರೆಗೆ ಕಾದಳು. ಅವನು ಆ ದಿನದ ಕೂಲಿ ಬಿಟ್ಟು ಬರುವ ಹಾಗಿರಲಿಲ್ಲ. ಸಂಜೆ ಹತ್ತಿರದ ಕ್ಲಿನಿಕ್‌ಗೆ ಹೋದರೆ ಅಲ್ಲಿ ಬಿಪಿ ನೋಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಟ್ಟರು. ಗಾಡಿ ನೀವೇ ಮಾಡಿಕೊಳ್ಳಬೇಕು. ಮೊದಲ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಅಂದರು. ಎರಡನೆಯದರಲ್ಲಿ ಕಾಗದಪತ್ರದ ಸಾಲಿನಲ್ಲಿ ನಿಂತಳು, ಹೌದು, ನಿಂತಳು. ಅವಳಾಡುವ ಭಾಷೆ ಡ್ಯೂಟಿಯಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ. ನರ್ಸ್ ನೋಟಿನಲ್ಲಿ 'ಸಹಕರಿಸುತ್ತಿಲ್ಲ' ಅಂತ ಬರೆದಿದೆ. ಅದರ ಕೆಳಗಿನ ಸಾಲಿನಲ್ಲೇ ಫಿಟ್ಸ್ ಬಂದ ಹೊತ್ತು.

ಈಗ ಹೇಳಿ, ತಡ ಮಾಡಿದ್ದು ಯಾರು?

ಇದನ್ನು ವಿವರಿಸುವ ಚೌಕಟ್ಟು ಹಳೆಯದು. 1994ರಲ್ಲಿ ಶೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕರು ಮೂರು ವಿಳಂಬಗಳ ಬಗ್ಗೆ ಬರೆದರು: ಆಸ್ಪತ್ರೆಗೆ ಹೋಗಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಆಗುವ ತಡ, ಅಲ್ಲಿಗೆ ತಲುಪುವುದರಲ್ಲಿ ಆಗುವ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ. ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವ ಎಲ್ಲರೂ ಇದನ್ನು ಓದಿರುತ್ತಾರೆ. ಓದಿಯೂ ಫಾರಂ ತುಂಬುವಾಗ ಮೂರನ್ನೂ ಸೇರಿಸಿ ಅವಳ ತಲೆಗೇ ಕಟ್ಟುತ್ತೇವೆ. ಒಮ್ಮೆ ಹಾಗೆ ಕಟ್ಟಿದೆವೋ, ಯೋಜನೆಯೂ ಅದೇ ದಾರಿ ಹಿಡಿಯುತ್ತದೆ. 'ಜಾಗೃತಿ ಮೂಡಿಸಬೇಕು' ಅಂತ ಬರೆದು ಪೋಸ್ಟರ್‌ಗೆ ದುಡ್ಡು ಇಡುತ್ತೇವೆ. ಅವಳಿಗೆ ಜಾಗೃತಿ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ಮಕ್ಕಳನ್ನು ನೋಡಿಕೊಳ್ಳುವವರು, ಗಾಡಿ, ಹಾಸಿಗೆ, ಮಾತು ತಿಳಿಯುವ ಒಬ್ಬರು.

ಫಿಟ್ಸ್ ತಡೆಯುವ ಮದ್ದು ಏನು ಅಪರೂಪದ್ದೇ? ಮೆಗ್ನೀಸಿಯಂ ಸಲ್ಫೇಟ್. ಅಗ್ಗದ ಔಷಧಿ. 2002ರಲ್ಲಿ 33 ದೇಶಗಳ 10,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನದಲ್ಲಿ, ಇದನ್ನು ಕೊಟ್ಟವರಲ್ಲಿ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅವಳು ಮೊದಲು ಹೋದ ಕ್ಲಿನಿಕ್‌ನಲ್ಲೇ ಮೊದಲ ಡೋಸ್ ಕೊಟ್ಟು, ಆಮೇಲೆ ಗಾಡಿ ಹತ್ತಿಸಬಹುದಿತ್ತು.

ರಕ್ತಸ್ರಾವದ ವಿಷಯದಲ್ಲೂ ಇದೇ ಕಥೆ. ಹೆರಿಗೆ ಆದ ಮೇಲೆ ಎಷ್ಟು ರಕ್ತ ಹೋಯಿತು ಅನ್ನೋದನ್ನು ಹೆಚ್ಚಿನ ಕಡೆ ಇವತ್ತಿಗೂ ಕಣ್ಣಂದಾಜಿನಲ್ಲಿ ಹೇಳುತ್ತಾರೆ. ಬಟ್ಟೆ ಒದ್ದೆ, ನೆಲ ಒದ್ದೆ, 'ಸುಮಾರು ಮುನ್ನೂರು ಎಂಎಲ್ ಇರಬಹುದು'. ಈ ಅಂದಾಜು ಬಹಳ ಸಲ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಇದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಬಂದಿದೆ. ಹೆರಿಗೆಯಾದ ಕೂಡಲೇ ಸೊಂಟದ ಕೆಳಗೆ ಹಾಸುತ್ತಾರೆ, ಅದರ ತುದಿ ಚೀಲದ ಹಾಗೆ ಕೆಳಗೆ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಯಾವ ಗೆರೆ ಮುಟ್ಟಿತು ಅಂತ ನೋಡಿದರಾಯಿತು. ಗೆರೆ ದಾಟಿದರೆ ಹೊಟ್ಟೆ ಉಜ್ಜುವುದು, ಗರ್ಭಕೋಶ ಬಿಗಿಯಾಗಿಸುವ ಔಷಧಿ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ತಪಾಸಣೆ, ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಶುರು ಮಾಡುವುದು. 2023ರಲ್ಲಿ ಬಂದ ಇ-ಮೋಟಿವ್ ಅಧ್ಯಯನ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿತು. ಅತಿ ರಕ್ತಸ್ರಾವ ಆದ ಕೇಸುಗಳಲ್ಲಿ, ಹೀಗೆ ಮಾಡಿದ ಕಡೆ ಪತ್ತೆಯಾದದ್ದು 93 ಶೇಕಡಾ, ಹಳೆ ಪದ್ಧತಿಯಲ್ಲಿ 51 ಶೇಕಡಾ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್ ಅಥವಾ ಅದರಿಂದ ಸಾವು, ಈ ಮೂರೂ ಸೇರಿದ ಲೆಕ್ಕ 60 ಶೇಕಡಾ ಇಳಿಯಿತು.

ಇಂಥದ್ದನ್ನು ಓದಿದಾಗ ನನಗೆ ಆಸೆಯೂ ಆಗುತ್ತದೆ, ಭಯವೂ ಆಗುತ್ತದೆ. ಆಸೆ ಯಾಕೆ ಅಂತ ಹೇಳಬೇಕಿಲ್ಲ. ಭಯ ಯಾಕೆಂದರೆ ಈ ಹಾಳೆ ಮೊದಲು ಹೋಗುವುದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ. ಅಲ್ಲಿ ಆಗಲೇ ರಕ್ತನಿಧಿ ಇದೆ, ಡಾಕ್ಟರು ಇದ್ದಾರೆ. ಕರೆಂಟು ಹೋಗಿ ಬಂದು ಮಾಡುವ ಸಣ್ಣ ಕೇಂದ್ರಕ್ಕೆ ಅದು ಕೊನೆಗೆ ಬರುತ್ತದೆ, ಬಂದರೆ. ಔಷಧಿಯದ್ದೂ ಅಷ್ಟೇ. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಫ್ರಿಜ್ ಕೆಟ್ಟ ಕಡೆ ಇಂಜೆಕ್ಷನ್ ಕೊಟ್ಟರೂ ಪರಿಣಾಮ ಇರದೇ ಹೋಗಬಹುದು, ಕೊಟ್ಟವರಿಗೆ ಅದು ಗೊತ್ತೂ ಆಗುವುದಿಲ್ಲ. ಬಿಸಿ ತಡೆಯುವ ಕಾರ್ಬೆಟೋಸಿನ್ ಇದೆ. 2018ರಲ್ಲಿ 10 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ರಕ್ತಸ್ರಾವ ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗಿಂತ ಕಡಿಮೆ ಏನಿಲ್ಲ ಅಂತ ಗೊತ್ತಾಯಿತು. ಎಲ್ಲ ಕಡೆಗೂ ಒಂದೇ ಔಷಧಿ ಪಟ್ಟಿ ಮಾಡಿದರೆ ಸಮಾನವಾಗಿ ಕಾಣುತ್ತದೆ, ಆದರೆ ಫ್ರಿಜ್ ಇರುವವರಿಗೆ ಮಾತ್ರ ಔಷಧಿ ಕೊಟ್ಟ ಹಾಗೆ ಆಗುತ್ತದೆ. ಹಾಗಾಗಿ ಹಂಚಿಕೆಯ ಕ್ರಮವನ್ನೇ ತಿರುಗಿಸಿ ಅಂತ ಕೇಳಿದೆ. ಅತಿ ದೂರದ ಕೇಂದ್ರದಿಂದ ಶುರು ಮಾಡಿ, ದೊಡ್ಡ ಆಸ್ಪತ್ರೆಗೆ ಕೊನೆಗೆ ಬನ್ನಿ. ಸಾಗಣೆ ಖರ್ಚು ಜಾಸ್ತಿ ಆಗುತ್ತದೆ ಅಂದರು. ಆಗಲಿ! ತಾರತಮ್ಯ ಕಡಿಮೆ ಮಾಡುವ ಯೋಜನೆಯಲ್ಲಿ ಆ ಖರ್ಚೇ ಮುಖ್ಯ ಖರ್ಚು.

ದುಡ್ಡು, ದೂರ, ಇವೆರಡೇ ಅಂತಲೂ ಅಲ್ಲ. ಅಮೆರಿಕದಲ್ಲಿ 2023ರ ಲೆಕ್ಕ: ಲಕ್ಷ ಜನನಕ್ಕೆ ಬಿಳಿ ಹೆಂಗಸರಲ್ಲಿ 14.5 ಸಾವು, ಕಪ್ಪು ಹೆಂಗಸರಲ್ಲಿ 50.3. ಆಸ್ಪತ್ರೆಗೆ ಕೊರತೆ ಇಲ್ಲದ ದೇಶ. ಟೆನಿಸ್ ಆಟಗಾರ್ತಿ, ಕಪ್ಪು ಹೆಂಗಸು ಸೆರೆನಾ ವಿಲಿಯಮ್ಸ್ ಕಥೆ ನೆನಪಿರಬಹುದು. 2017ರಲ್ಲಿ ಮಗಳು ಹುಟ್ಟಿದ ಮರುದಿನ ಉಸಿರು ಸಿಕ್ಕಲಿಲ್ಲ. ಹಿಂದೆಯೂ ರಕ್ತ ಹೆಪ್ಪುಗಟ್ಟಿದ್ದರಿಂದ ಏನಾಗುತ್ತಿದೆ ಅಂತ ಅವರಿಗೆ ಗೊತ್ತಿತ್ತು, ಸಿಟಿ ಸ್ಕ್ಯಾನ್ ಮಾಡಿ ಅಂದರು. ನೋವಿನ ಔಷಧಿಯಿಂದ ಗೊಂದಲ ಆಗಿರಬೇಕು ಅಂತ ನರ್ಸ್ ಅಂದುಕೊಂಡರಂತೆ. ಹಟ ಹಿಡಿದ ಮೇಲೆ ಸ್ಕ್ಯಾನ್ ಆಯಿತು, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತು. ಅಷ್ಟು ಹೆಸರು, ಅಷ್ಟು ದುಡ್ಡು ಇದ್ದವರೇ ಹಟ ಹಿಡಿಯಬೇಕಾಯಿತು. ಗಂಟಲು ಏರಿಸಲು ಹೆದರುವ ಹೆಂಗಸಿನ ಗತಿ ಏನು? ಯಾರ ನೋವನ್ನು ನಂಬುತ್ತೇವೆ ಅನ್ನೋದೂ ಆರೈಕೆಯ ಭಾಗವೇ. ನನ್ನ ಮಟ್ಟಿಗೆ ಇದು ಔಷಧಿಯಷ್ಟೇ ಮುಖ್ಯ. ಅದಕ್ಕೇ ವಾರ್ಡಿನಲ್ಲಿ ಭಾಷಾಂತರಕ್ಕೆ ಜನ ಬೇಕು, ಫೋನಿನಲ್ಲಾದರೂ ಸರಿ, ಇಪ್ಪತ್ನಾಲ್ಕು ಗಂಟೆ. ಮನೆಯ ಮಗುವನ್ನೋ ಗಂಡನನ್ನೋ ಮಧ್ಯೆ ನಿಲ್ಲಿಸಿ ಕೇಳುವುದು ನಿಲ್ಲಬೇಕು, ಎಷ್ಟೋ ವಿಷಯ ಅವರೆದುರು ಅವಳು ಹೇಳುವುದೇ ಇಲ್ಲ.

ಆಗದ ಕೆಲಸ ಏನಲ್ಲ ಇದು. ಶ್ರೀಲಂಕಾ, ಮಲೇಷ್ಯಾ ಎರಡೂ ದೇಶಗಳು ಶ್ರೀಮಂತವಾಗುವುದಕ್ಕೆ ಕಾಯಲಿಲ್ಲ. ತರಬೇತಿ ಪಡೆದ ಸೂಲಗಿತ್ತಿಯರನ್ನು ಹಳ್ಳಿಗಳಿಗೇ ಕಳಿಸಿದರು, ಅವರ ಬೆನ್ನಿಗೆ ಆಸ್ಪತ್ರೆ ಕಟ್ಟಿದರು, ಬಡವರಿಗೆ ಸೇವೆ ಪುಕ್ಕಟೆ ಇಟ್ಟರು. ದಶಕಗಟ್ಟಲೆ ಬಿಡದೆ ಮಾಡಿದರು, ತಾಯಂದಿರ ಸಾವು ಮತ್ತೆ ಮತ್ತೆ ಅರ್ಧಕ್ಕೆ ಇಳಿಯುತ್ತಾ ಬಂತು. ನೇಪಾಳದ ಮಕ್ವಾನ್‌ಪುರದಲ್ಲಿ ಹಳ್ಳಿಯ ಹೆಂಗಸರೇ ತಿಂಗಳಿಗೊಮ್ಮೆ ಕೂತು ಹೆರಿಗೆಯ ತೊಂದರೆಗಳ ಬಗ್ಗೆ ಮಾತಾಡಿ ತಮ್ಮ ಪರಿಹಾರ ತಾವೇ ಹುಡುಕಿಕೊಂಡರು. 2004ರಲ್ಲಿ ಬಂದ ಫಲಿತಾಂಶದಲ್ಲಿ ಎಳೆ ಶಿಶುಗಳ ಸಾವು ಸುಮಾರು 30 ಶೇಕಡಾ ಕಡಿಮೆ ಇತ್ತು. ತಾಯಂದಿರ ಸಾವೂ ಕಡಿಮೆ ಇತ್ತು. ಹೊರಗಿಂದ ಹೋಗಿ ಭಾಷಣ ಮಾಡಿದ್ದರಿಂದ ಆದದ್ದಲ್ಲ.

ಸಂಜೆ ಮನೆಗೆ ಬಂದು ಕರಡಿನ ಗುರಿಗಳ ಪುಟವನ್ನು ತಿದ್ದಿ ಬರೆದೆ. ಪ್ರತಿ ಗುರಿಯ ಎದುರು ಎರಡು ಅಂಕಿ ಇರಬೇಕು: ಅತಿ ಹಿಂದೆ ಉಳಿದ ಗುಂಪಿನದ್ದು, ಮತ್ತು ಅವರಿಗೂ ಅತಿ ಮುಂದಿರುವವರಿಗೂ ನಡುವಿನ ಅಂತರ. ಸರಾಸರಿ ಬೇಕಿದ್ದರೆ ಪಕ್ಕದಲ್ಲಿರಲಿ. ಅಂತರ ಇಳಿಯದಿದ್ದರೆ ಆ ವರ್ಷ ಗುರಿ ಮುಟ್ಟಿಲ್ಲ ಅಂತಲೇ ಬರೆಯಬೇಕು. ಗಾಡಿ ಖರ್ಚು ಹೆರಿಗೆ ಖರ್ಚಿನೊಳಗೇ ಸೇರಬೇಕು. ರೆಫರ್ ಮಾಡಿದವರೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯಾ ಕೇಳಿ ಕಳಿಸಬೇಕು, ಸುಮ್ನೆ ಚೀಟಿ ಕೊಡುವುದಲ್ಲ. ಫಾರಂನ 'ಕಾರಣ' ಕಾಲಂ ಹೋಗಿ ಮೂರು ವಿಳಂಬಕ್ಕೂ ಬೇರೆ ಬೇರೆ ಜಾಗ, ಪ್ರತಿಯೊಂದಕ್ಕೂ ಗಂಟೆ ನಿಮಿಷದ ಲೆಕ್ಕ.

ಇನ್ನೊಂದು. ಕರಡು ಯೋಜನೆ ಡಿಸ್ಚಾರ್ಜ್‌ಗೆ ಮುಗಿದುಹೋಗಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಹಾಕಿದ ಬಸಿರು-ಬಾಣಂತನದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ ವರ್ಷದೊಳಗೆ ಆದವು. ಮನೆಗೆ ಹೋದ ಬಾಣಂತಿಯನ್ನು ಯಾರು ಹೋಗಿ ನೋಡುತ್ತಾರೆ, ಬಿಪಿ ಯಾರು ಅಳೆಯುತ್ತಾರೆ, ಮನಸ್ಸು ಕುಗ್ಗಿದರೆ ಯಾರಿಗೆ ಹೇಳಬೇಕು? ಅದಕ್ಕೊಂದು ಅಧ್ಯಾಯವೇ ಬೇಕು. ನಾಳೆ ಬರೆಯಲು ಕೂರುತ್ತೇನೆ.

ಸಭೆ ಮುಗಿಯುವಾಗ ಕೇಳಿದ ಕೊನೆಯ ವಿಷಯ, ಆ ಫೈಲಿನ ಹೆಂಗಸಿನಂಥವರು ಇಬ್ಬರಾದರೂ ಸಮಿತಿಯಲ್ಲಿ ಕೂರಬೇಕು ಅನ್ನೋದು. ಅಭಿಪ್ರಾಯ ಹೇಳಿ ಹೋಗಲು ಕರೆಯುವುದಲ್ಲ, ತೀರ್ಮಾನದಲ್ಲಿ ಮತ ಹಾಕಲು. ಬರುವ ದಿನದ ಕೂಲಿ, ಗಾಡಿ ಖರ್ಚು, ಮಗು ನೋಡಿಕೊಳ್ಳಲು ಒಬ್ಬರು, ಮಾತು ತಿಳಿಸಲು ಒಬ್ಬರು, ಇಷ್ಟೂ ನಾವೇ ಕೊಡಬೇಕು. ಅದಕ್ಕೆ ಬಜೆಟ್‌ನಲ್ಲಿ ತಲೆಬರಹ ಇಲ್ಲ ಅಂದರು. ಪೋಸ್ಟರ್‌ಗೆ ಇಟ್ಟ ದುಡ್ಡು ಇದೆಯಲ್ಲ, ಅದರಲ್ಲೇ ತೆಗೆಯಿರಿ ಅಂದೆ. ಅಧ್ಯಕ್ಷರು ಇಲ್ಲ ಅನ್ನಲಿಲ್ಲ, ಬರೆದು ಕೊಡಿ ಅಂದರು. ಬರೆದು ಈಗ ತಾನೇ ಕಳಿಸಿದೆ. ಮುಂದಿನ ಸಭೆ ಬೆಳಗ್ಗೆ ಎಂಟಕ್ಕೆ ಬೇಡ, ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೊಂದಕ್ಕೆ ಇಡಿ ಅಂತಲೂ ಅದರಲ್ಲೇ ಸೇರಿಸಿದ್ದೇನೆ.