ಒಂದು ಚೀನೀ ಗಾದೆ ಹೇಳಿ ಅನ್ನುವವರಿಗೆ

"ಚೀನೀ ಭಾಷೆ ಓದಿದ್ದೀರಂತೆ. ಒಂದು ಒಳ್ಳೆ ಹಳೇ ಗಾದೆ ಹೇಳಿ." ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಈ ಮಾತು ತಪ್ಪಿದ್ದಲ್ಲ. ಇಲ್ಲದಿದ್ದರೆ ಮೊಬೈಲ್ ಮುಂದೆ ಹಿಡಿದು, "ಇದು ಚೀನಾದ್ದೇ ಅಲ್ವಾ?"

ಹೆಚ್ಚಿನ ಸಲ ಅಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಜಾರು ಪ್ರಶ್ನೆಯ ಮೇಲಲ್ಲ. ಕೇಳುವವರ ಜೇಬಿನಲ್ಲಿ ಉತ್ತರ ಮೊದಲೇ ಇರುತ್ತದೆ. ನಾನು ಠಸ್ಸೆ ಒತ್ತಬೇಕು, ಅಷ್ಟೇ.

ಒಂದು ಸಂಜೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಮಗಳ ಕೆಲಸ ಹೋಗಿ ನಾಲ್ಕು ದಿನವಾಗಿತ್ತು. ಹನ್ನೊಂದು ವರ್ಷ ದುಡಿದ ಕಂಪನಿ ಒಂದೇ ಒಂದು ಮೇಲ್ ಕಳಿಸಿ ಲೆಕ್ಕ ಮುಗಿಸಿತ್ತು. ಮನೆ ಸಾಲ ಇನ್ನೂ ತೀರಿರಲಿಲ್ಲ. ನೋಡಲು ಬಂದ ನೆಂಟರೊಬ್ಬರು ಕಾಫಿ ಲೋಟ ಕೆಳಗಿಟ್ಟು ಶುರು ಮಾಡಿದರು. "ಚೀನೀ ಭಾಷೆಯಲ್ಲಿ ಬಿಕ್ಕಟ್ಟು ಅನ್ನೋ ಪದದೊಳಗೇ ಅವಕಾಶ ಅಂತಾನೂ ಇದೆ. ಬೇಕಾದ್ರೆ ಇವರನ್ನೇ ಕೇಳು." ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ನೋಡಿದಳು. ನಾನು ಹೌದು ಅಂತ ತಲೆ ಆಡಿಸಿದೆ. ದೊಡ್ಡವರ ಮಾತು ತೆಗೆದುಹಾಕಬಾರದು ಅನ್ನಿಸಿತ್ತು.

ಆ ತಲೆ ಆಡಿಸಿದ್ದು ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಅದು ತಪ್ಪು. ಪದ 'ವೇಯ್‌ಜಿ'. 'ವೇಯ್' ಅಂದರೆ ಅಪಾಯ. 'ಜಿ' ಅಂದರೆ ಇಲ್ಲಿ ಗಳಿಗೆ, ಯಾವ ಕಡೆಗೆ ಬೇಕಾದರೂ ಹೊರಳಬಹುದಾದ ಗಳಿಗೆ. ಅವಕಾಶ ಅನ್ನಲು 'ಜಿಹುಯ್' ಅಂತ ಬೇರೆ ಪದ ಇದೆ. ಅದರಲ್ಲೂ ಈ 'ಜಿ' ಬರುತ್ತದೆ, ಅಷ್ಟೇ ನಂಟು. ನಮ್ಮ ಕಷ್ಟಕಾಲದಲ್ಲೂ ಕಾಲ ಇದೆ, ಸುಗ್ಗಿಕಾಲದಲ್ಲೂ ಕಾಲ ಇದೆ. ಹಾಗಂತ ಕಷ್ಟಕಾಲದೊಳಗೆ ಸುಗ್ಗಿ ಅಡಗಿದೆ ಅನ್ನುತ್ತೇವಾ? ಆಮೇಲೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ 1959ರಲ್ಲಿ, ಇನ್ನೂ ಸೆನೆಟರ್ ಆಗಿದ್ದಾಗ, ಭಾಷಣವೊಂದರಲ್ಲಿ ಆ ನೆಂಟರು ಹೇಳಿದ್ದನ್ನೇ ಹೇಳಿದ್ದರು. ಅಂಥವರ ಬಾಯಲ್ಲಿ ಬಂದ ಮೇಲೆ ಯಾರು ತಡೆಯುತ್ತಾರೆ?

ನನ್ನನ್ನು ಬೇರೆ ಪ್ರಶ್ನೆ ಕೇಳಿ. "ಇದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?" ಅಂತ ಕೇಳಿ. ಊಟ ಬಿಟ್ಟು ಹೇಳುತ್ತೇನೆ.

'ಒಂದು ಚಿತ್ರ ಹತ್ತು ಸಾವಿರ ಮಾತಿಗೆ ಸಮ' ಅನ್ನುವುದನ್ನೇ ತೆಗೆದುಕೊಳ್ಳಿ. ಹೇಳಿದ್ದು ಅಮೆರಿಕದ ಜಾಹೀರಾತಿನವರು, ಫ್ರೆಡ್ ಬರ್ನಾರ್ಡ್. ಟ್ರಾಮ್‌ಗಳಲ್ಲಿ ಚಿತ್ರದ ಜಾಹೀರಾತು ಹಾಕಿಸಿ ಅಂತ ವ್ಯಾಪಾರಿಗಳನ್ನು ಒಪ್ಪಿಸಲು. 1921ರಲ್ಲಿ ಇಂಥದೇ ಮಾತನ್ನು ಜಪಾನಿನ ಜ್ಞಾನಿಯದು ಅಂದಿದ್ದರು. 1927ಕ್ಕೆ ಅದು ಚೀನೀ ಗಾದೆಯಾಯಿತು.

ಚೀನಾದಲ್ಲಿ ನಿಜಕ್ಕೂ ಇರುವ ಮಾತು 'ನೂರು ಸಲ ಕೇಳುವುದಕ್ಕಿಂತ ಒಂದು ಸಲ ನೋಡುವುದು ಮೇಲು'. ಇದಕ್ಕೆ ಹೆಸರಿದೆ, ಸಂದರ್ಭ ಇದೆ. ಕ್ರಿ.ಪೂ. 61. ಹಾನ್ ಸಾಮ್ರಾಜ್ಯದ ಪಶ್ಚಿಮದ ಗಡಿಯಲ್ಲಿ ಚಿಯಾಂಗ್ ಜನ ಬಂಡೆದ್ದಿದ್ದರು. ಎಪ್ಪತ್ತು ದಾಟಿದ ಸೇನಾಪತಿ ಜಾವೋ ಚೋಂಗ್‌ಗ್ವೋ ತಾನೇ ಹೋಗುತ್ತೇನೆ ಅಂದ. ಎಷ್ಟು ದಂಡು ಬೇಕು ಅಂತ ಚಕ್ರವರ್ತಿ ಕೇಳಿಸಿದ. ಮುದುಕ ಲೆಕ್ಕ ಹೇಳಲಿಲ್ಲ. ನೂರು ಸಲ ಕೇಳುವುದಕ್ಕಿಂತ ಒಮ್ಮೆ ನೋಡುವುದು ಮೇಲು, ದೂರ ಕೂತು ಯುದ್ಧದ ಅಂದಾಜು ಕಟ್ಟಲಾಗದು, ಮೊದಲು ಅಲ್ಲಿಗೆ ಹೋಗಿ ನೋಡುತ್ತೇನೆ ಅಂದ. ಚಕ್ರವರ್ತಿಗೇ 'ಈಗಲೇ ಹೇಳಲಾರೆ' ಅನ್ನಲು ಎಂಥ ಎದೆ ಬೇಕು! ನಮ್ಮ 'ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು' ಕೇಳಿದ್ದರೆ ಆ ಮುದುಕ ಖುಷಿಪಡುತ್ತಿದ್ದ.

ಇನ್ನೊಂದು, ಎಲ್ಲರೂ ಫಾರ್ವರ್ಡ್ ಮಾಡುವ ಕುದುರೆ ಕಳೆದುಕೊಂಡ ಮುದುಕನ ಕಥೆ. ಇದು ಚೀನಾದ್ದೇ. ಕ್ರಿ.ಪೂ. 139ರಲ್ಲಿ ಲ್ಯೂ ಆನ್ ಎಂಬ ರಾಜವಂಶದವನು ಚಕ್ರವರ್ತಿಗೆ ಒಪ್ಪಿಸಿದ ಗ್ರಂಥ 'ಹ್ವಾಯ್‌ನಾನ್‌ಜಿ'ಯಲ್ಲಿದೆ. ಗಡಿಯ ಹತ್ತಿರದ ಮನೆಯೊಂದರ ಕುದುರೆ ಓಡಿಹೋಗುತ್ತದೆ. ಇದೇ ಒಳ್ಳೆಯದಾಗಬಾರದೇಕೆ ಅನ್ನುತ್ತಾನೆ ಮನೆಯ ಹಿರಿಯ. ಕೆಲವು ತಿಂಗಳಿಗೆ ಅದು ಇನ್ನೂ ಒಳ್ಳೆಯ ಕುದುರೆಗಳ ಜೊತೆ ವಾಪಸ್ ಬರುತ್ತದೆ. ಮಗ ಸವಾರಿ ಮಾಡಲು ಹೋಗಿ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಆಮೇಲೆ ಯುದ್ಧ ಬರುತ್ತದೆ. ಕುಂಟನಾದ ಮಗ ಉಳಿಯುತ್ತಾನೆ. ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತದೆ. ಮೂಲದಲ್ಲಿ ಇನ್ನೊಂದು ಸಾಲಿದೆ. ಗಡಿಯ ಆ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತರು. ಅದನ್ನು ಬಿಟ್ಟು ಈ ಕಥೆಯನ್ನು ನಗುನಗುತ್ತಾ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಎಷ್ಟೋ ದಿನದ ಮೇಲೆ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ಅವತ್ತು ನಾನು ತಲೆ ಆಡಿಸಿದ್ದು ತಪ್ಪು ಅಂದೆ. ಪದದ ಅರ್ಥ ಹೇಳಿದೆ. ಈ ಕಥೆಯನ್ನೂ ಪೂರ್ತಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದಳು.

"ಒಳ್ಳೆಯದಾಗಬಾರದೇಕೆ ಅಂದಿದ್ದು ಕುದುರೆ ಕಳಕೊಂಡ ಮನೆಯವರೇ ಅಲ್ವಾ?" ಅಂದಳು. "ಅಕ್ಕಪಕ್ಕದವರು ಏನಂದ್ರು?"

ಯಾರೂ ಕೇಳದ ಪ್ರಶ್ನೆ ಅದು. ಆ ಜಾಗದಲ್ಲಿ ಇರುವ ಪದ 'ದ್ಯಾವೋ' ಅಂದೆ. ಸಾವಿನ ಮನೆಗೆ ಹೋಗಿ ದುಃಖ ಹಂಚಿಕೊಳ್ಳುವುದಕ್ಕೂ ಅದೇ ಪದ. ಅವರೆಲ್ಲ ಬಂದು ಅಷ್ಟು ಮಾಡಿದರು.