ಅವಸರ ಮಾಡಿದರೆ ಮೀನು ಉಳಿಯುವುದಿಲ್ಲ

ಹಾಳು ಬಿದ್ದ ಅಕ್ವೇರಿಯಂನಿಂದ ಮೀನು ತಂದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಒಂದೇ. ಟ್ಯಾಂಕ್ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಮೀನನ್ನು ಅದರೊಳಗೆ ಬಿಡುವುದು. ವರ್ಷಗಟ್ಟಲೆ ಕೊಳಕಿನಲ್ಲೇ ಬದುಕಿದ ಮೀನು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತಿರುತ್ತದೆ. 'ಪಾಪ, ಅದರ ಆಯಸ್ಸು ಅಷ್ಟೇ ಇತ್ತು' ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಆಯಸ್ಸೇನೂ ಮುಗಿದಿರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ 10–15 ವರ್ಷ ಬದುಕುವ ಮೀನು.

ಪರಿಚಯದವರೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಫೋನ್ ಮಾಡಿ, "ನಮ್ಮ ಮೀನುಗಳನ್ನ ತಗೊಂಡು ಹೋಗ್ತೀರಾ? ಇಲ್ಲಾಂದ್ರೆ ಕೆರೆಗೆ ಬಿಟ್ಟುಬಿಡ್ತೀವಿ" ಅಂದರು. ಕೆರೆ ಅಂದ ಕೂಡಲೇ ನಾನು ಹೊರಟೆ. ಅವರ ಹತ್ತಿರ ಇದ್ದದ್ದು ಎರಡು ಗೋಲ್ಡ್ ಫಿಶ್, ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆಯುವ ಒಂದು ಸಕ್ಕರ್ ಫಿಶ್. ಸಕ್ಕರ್ ಫಿಶ್ ಬೆಚ್ಚಗಿನ ಸೀಮೆಯ ಕೆರೆಗೆ ಬಿದ್ದರೆ ಅಲ್ಲೇ ಸಂಸಾರ ಹೂಡುತ್ತದೆ. ದಂಡೆಯಲ್ಲಿ ಬಿಲ ತೋಡುತ್ತದೆ, ಅಲ್ಲಿನ ಮೀನುಗಳ ಮೇವಿಗೆ ಪೈಪೋಟಿ ಕೊಡುತ್ತದೆ. ಆಮೇಲೆ ಅದನ್ನು ತೆಗೆಯುವವರು ಯಾರು?

ಟ್ಯಾಂಕ್ ನೋಡಿದರೆ ಒಳಗೆ ಏನಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನೀರು ಹಳದಿ, ಗಾಜಿಗೆಲ್ಲಾ ಪಾಚಿ. ಫಿಲ್ಟರ್ ಸದ್ದು ಮಾಡುತ್ತಿತ್ತು, ನೀರು ಎಳೆಯುತ್ತಿರಲಿಲ್ಲ. ಮನೆಯವರನ್ನು ಕೆಟ್ಟವರು ಅನ್ನಲಾರೆ. ದಿನಾ ತಪ್ಪದೆ ಆಹಾರ ಹಾಕುತ್ತಿದ್ದರು, ಅದೂ ಜಾಸ್ತಿಯೇ. ನೀರು ಕಡಿಮೆಯಾದರೆ ಮೇಲಿಂದ ತುಂಬುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಆವಿಯಾಗುವುದು ನೀರು ಮಾತ್ರ, ಕೊಳೆ ಒಳಗೇ ಉಳಿಯುತ್ತದೆ. ಎಷ್ಟು ಸಲ ತುಂಬಿದರೂ ಅದು ನೀರು ಬದಲಾಯಿಸಿದಂತೆ ಆಗುವುದಿಲ್ಲ.

ನಾನು ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಒಯ್ದಿದ್ದೆ. ಕೊಳೆ ಎಷ್ಟು ಕೂಡಿದೆ ಅಂತ ಹೇಳುವ ನೈಟ್ರೇಟ್ ನೋಡುವ ಟ್ಯೂಬ್ ಕಡು ಕೆಂಪಾಯಿತು. ಮೀನಿನ ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯದ್ದು ದಟ್ಟ ಹಸಿರು. ಎರಡೂ ವಿಪರೀತ ಹೆಚ್ಚಿವೆ ಅಂತ ಅರ್ಥ. ನೀರು ಎಷ್ಟು ಆಮ್ಲೀಯ ಅಂತ ತೋರಿಸುವ ಪಿಎಚ್ ಮಾತ್ರ 6ಕ್ಕೆ ಇಳಿದಿತ್ತು (ಅಂಕ ಇಳಿದಷ್ಟೂ ಆಮ್ಲ ಜಾಸ್ತಿ). ಇಷ್ಟು ಅಮೋನಿಯದಲ್ಲಿ ಮೀನು ಹೇಗೆ ಬದುಕಿದೆ ಅಂತ ಅನ್ನಿಸುತ್ತದೆ, ಅಲ್ವಾ? ಉತ್ತರ ಆ ಪಿಎಚ್‌ನಲ್ಲೇ ಇದೆ. ಪಿಎಚ್ ಇಳಿದಾಗ ಅಮೋನಿಯ ಹೆಚ್ಚೂಕಮ್ಮಿ ಪೂರ್ತಿ ಅಮೋನಿಯಂ ಆಗಿ ಕೂತಿರುತ್ತದೆ. ಅದು ಅಷ್ಟಾಗಿ ವಿಷವಲ್ಲ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು 10 ಪಟ್ಟು ಏರುತ್ತದೆ. ಪಿಎಚ್ 7.5 ಇರುವ ಹೊಸ ನೀರನ್ನು ಒಮ್ಮೆಗೇ ಸುರಿದರೆ, ಸುಮ್ಮನೆ ಕೂತಿದ್ದ ವಿಷವನ್ನು ನಾವೇ ಎಬ್ಬಿಸಿದ ಹಾಗೆ.

ಹಾಗಾಗಿ ಹಳೆಯ ನೀರಿನ ಸಮೇತ ತಂದೆ. ಮುಚ್ಚಳವಿರುವ ಬಕೆಟ್, ಸುತ್ತಲೂ ದಪ್ಪ ಟವೆಲ್. ಕತ್ತಲಿದ್ದರೆ ಮೀನು ಗಾಬರಿ ಬೀಳುವುದು ಕಮ್ಮಿ. ಸಕ್ಕರ್ ಫಿಶ್ ಹಿಡಿಯಲು ಬಲೆ ತೆಗೆದುಕೊಳ್ಳಬಾರದು. ಅದರ ಪಕ್ಕದ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿರುತ್ತದೆ, ಬಲೆಯ ಕಣ್ಣಿಗೆ ಸಿಕ್ಕಿದರೆ ಬಿಡಿಸುವಷ್ಟರಲ್ಲಿ ನಮಗೂ ಸಾಕು, ಅದಕ್ಕೂ ಸಾಕು. ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆಲ್ಲಗೆ ಓಡಿಸಿ ಎತ್ತಿದೆ.

ಮನೆಯಲ್ಲಿ ಕಲ್ಲು, ಗಿಡ ಏನೂ ಇಲ್ಲದ ಬರಿಯ ಟ್ಯಾಂಕ್ ಸಿದ್ಧವಿತ್ತು. ಅದರಲ್ಲಿ ನನ್ನ ಬೇರೆ ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ಓಡಿದ ಸ್ಪಾಂಜ್ ಫಿಲ್ಟರ್ ಇಟ್ಟಿದ್ದೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಇರುವುದು ಆ ಕೊಳೆ ಹಿಡಿದ ಸ್ಪಾಂಜ್‌ನಲ್ಲೇ. ಹೊಸ ಫಿಲ್ಟರ್‌ನಲ್ಲಿ ಅವು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು, ಕಾಯಿಲೆ ಮೀನಿಗೆ ಅಷ್ಟು ಪುರುಸೊತ್ತಿಲ್ಲ. ಮೊದಲು ತಂದ ಹಳೆಯ ನೀರನ್ನೇ ಸುರಿದೆ. ಏರ್ ಪಂಪಿನ ಸಣ್ಣ ಪೈಪಿಗೆ ಒಂದು ಗಂಟು ಹಾಕಿ, ಕ್ಲೋರಿನ್ ತೆಗೆದ ನೀರು ಹನಿ ಹನಿಯಾಗಿ ಬೀಳುವಂತೆ ಬಿಟ್ಟೆ. ಗಂಟು ಬಿಗಿದರೆ ನಿಧಾನ, ಸಡಿಲಿಸಿದರೆ ಜೋರು. ಇಷ್ಟು ಅಗ್ಗದ ನಲ್ಲಿ ಇನ್ನೊಂದಿಲ್ಲ. ಅಷ್ಟೇ ನೀರನ್ನು ಇನ್ನೊಂದು ಕಡೆಯಿಂದ ತೆಗೆಯುತ್ತಿದ್ದೆ. ಜೊತೆಗೆ ಅಮೋನಿಯ ಕಟ್ಟಿಹಾಕುವ ದ್ರಾವಣವನ್ನೂ ಹಾಕಿದ್ದೆ. ಮೊದಲ ದಿನ ಊಟವಿಲ್ಲ, ಲೈಟೂ ಇಲ್ಲ. ಆಮೇಲೂ ದಿನಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಾಯಿಸಿದೆನೇ ಹೊರತು ಜಾಸ್ತಿ ಅಲ್ಲ.

ಔಷಧಿ ಹಾಕು ಅಂತ ಹೇಳಿದವರು ಹಲವರು. ರೆಕ್ಕೆ ಕೊಳೆತಿತ್ತು ನಿಜ, ಬಾಲದ ಅಂಚು ಚಿಂದಿಯಾಗಿತ್ತು. ಆದರೆ ನೀರು ಕೆಟ್ಟು ಬಂದ ರೋಗ ನೀರು ಸರಿಯಾದರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಒಂದಿಷ್ಟು ದಿನ ಕಾಯೋಣ, ಕೊಳೆತ ಜಾಗ ಮುಂದುವರಿದರೆ ಔಷಧಿ ಇದ್ದೇ ಇದೆ ಅಂದುಕೊಂಡೆ. ಕಾಣುವ ಬಾಟಲಿಯನ್ನೆಲ್ಲಾ ಸುರಿಯುವ ಚಿಕಿತ್ಸೆಯಲ್ಲಿ ನನಗೆ ನಂಬಿಕೆ ಇಲ್ಲ.

ಒಂದು ದಿನ ಅಕ್ಕ ಬಂದವಳು ಟ್ಯಾಂಕಿನ ಮುಂದೆ ನಿಂತು, "ಏನೇ ಇದು, ಮೀನು ಕಪ್ಪಾಗ್ತಾ ಇದೆಯಲ್ಲೇ! ರೋಗ ಜಾಸ್ತಿ ಆಯ್ತಾ?" ಅಂದಳು. ದೊಡ್ಡ ಗೋಲ್ಡ್ ಫಿಶ್‌ನ ಬೆನ್ನ ಮೇಲೆ, ಬಾಯಿಯ ಸುತ್ತ ಮಸಿ ಬಳಿದಂಥ ಕಲೆಗಳು. ನನಗೆ ಅದನ್ನು ನೋಡಿ ಖುಷಿಯಾಗಿತ್ತು. ಅಮೋನಿಯದಿಂದ ಸುಟ್ಟ ಚರ್ಮ ಮಾಯುವಾಗ ಅಲ್ಲಿ ಕಪ್ಪು ಬಣ್ಣದ ಕಣಗಳು ಬಂದು ಸೇರುತ್ತವೆ. ನೀರು ಚೆನ್ನಾಗಿ ಆಗುತ್ತಿರುವಾಗ ಕಪ್ಪು ಕಂಡರೆ ಗಾಯ ಒಣಗುತ್ತಿದೆ ಅಂತ ಅರ್ಥ. ಬಾಲದ ಅಂಚಿನಲ್ಲೂ ಬಣ್ಣವೇ ಇಲ್ಲದ, ಗಾಜಿನಂಥ ತೆಳು ಪಟ್ಟಿ ಮೂಡಿತ್ತು. ಹೊಸ ರೆಕ್ಕೆ. ವಾರಗಳು ಕಳೆದಂತೆ ಪಟ್ಟಿ ಅಗಲವಾಯಿತು, ಕಪ್ಪು ಮಸುಕಾಯಿತು. ಚಿಕ್ಕದರ ಒಂದು ರೆಕ್ಕೆ ಮಾತ್ರ ಸೊಟ್ಟಗೆ ಬೆಳೆದು ಹಾಗೇ ಉಳಿಯಿತು. ಈಜುವುದಕ್ಕೇನೂ ತೊಂದರೆ ಇಲ್ಲ.

ಹಳೆಯ ಮನೆಯವರು ನೋಡಲು ಬಂದಿದ್ದರು. "ಇವು ನಮ್ಮವೇನಾ?" ಅಂತ ಕೇಳಿ, ಮಗ ತುಂಬಾ ನೆನೆಸಿಕೊಳ್ಳುತ್ತಾನೆ, ವಾಪಸ್ ಕೊಡುತ್ತೀರಾ ಅಂದರು. ಒಂದು ಗೋಲ್ಡ್ ಫಿಶ್‌ಗೇ 75 ಲೀಟರ್ ನೀರು ಬೇಕು, ಎರಡಕ್ಕೆ ಲೆಕ್ಕ ಹಾಕಿ ಟ್ಯಾಂಕ್ ತನ್ನಿ ಅಂದೆ. ಫಿಲ್ಟರ್ ಓಡಿಸಿ, ಅಮೋನಿಯ ಸೊನ್ನೆ ಬಂದದ್ದನ್ನು ತೋರಿಸಿದರೆ ಖಂಡಿತ ಕೊಡುತ್ತೇನೆ. ಮುಖ ಸ್ವಲ್ಪ ಸಣ್ಣದಾಯಿತು, ಆದರೂ ಒಪ್ಪಿದರು. ಟ್ಯಾಂಕ್ ಬಂದಿದೆಯಂತೆ, ಹುಡುಗನೇ ದಿನಾ ಟೆಸ್ಟ್ ಮಾಡಿ ನನಗೆ ಫೋಟೋ ಕಳಿಸುತ್ತಾನೆ. ಸಕ್ಕರ್ ಫಿಶ್ 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ ಅಂತ ಹೇಳಿದ ಮೇಲೆ ಮಾತ್ರ ಅದರ ಸುದ್ದಿ ಯಾರೂ ಎತ್ತಿಲ್ಲ.